ಮಹಡಿಯಿಂದ ಇಳಿಸಿದ ಸರಕು

ನಮ್ಮ ಊರಿನ ರಟ್ಟಿನ ಕಾರ್ಖಾನೆ ಮುಚ್ಚಿ ಒಂಬತ್ತು ವರ್ಷವಾಗಿದೆ. ಅದರ ಯಂತ್ರಗಳನ್ನು ಕಾಯಲೆಂದು ಸ್ಥಾಪಿತವಾದ 'ಸ್ಥಗಿತ ಕಾರ್ಖಾನೆಗಳ ಯಂತ್ರಾಂಗ ಸಂರಕ್ಷಣಾ ಶಾಖೆ' ಮಾತ್ರ ರಜಾದಿನಗಳನ್ನು ಬಿಟ್ಟು ಒಂದು ದಿನವೂ ಬಾಗಿಲು ಹಾಕಿಲ್ಲ. ಹನ್ನೊಂದು ಜನ ಸಿಬ್ಬಂದಿ, ಏಳು ಬೀರು, ಮೂರು ಫ್ಯಾನು. ನಾವು ಎಷ್ಟು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೇವೆಂದರೆ, ಯಂತ್ರಗಳ ರಿಜಿಸ್ಟರಿನ ಒಂದೇ ಒಂದು ಹಾಳೆ ಕಳೆದಿಲ್ಲ. ಯಂತ್ರಗಳು ಮಾತ್ರ ಕಳೆದಿವೆ.

ಮೊದಲು ತಾಮ್ರದ ತಂತಿ ಹೋಯಿತು. ಆಮೇಲೆ ಮೋಟಾರುಗಳು, ಆಮೇಲೆ ಮೋಟಾರು ಕೂರಿಸಿದ ಕಬ್ಬಿಣ, ಕೊನೆಗೆ ಶೆಡ್ಡಿನ ತಗಡು. ಯಾರು ಒಯ್ದರೆಂದು ತನಿಖೆ ಮಾಡಲು ಸಮಿತಿ ರಚನೆಯಾಯಿತು. ಸಮಿತಿಯ ಅಧ್ಯಕ್ಷರು ನಮ್ಮ ಸಾಹೇಬರು. ಊರಿನಲ್ಲಿರುವ ಒಂದೇ ಗುಜರಿ ಅಂಗಡಿ ಸಾಹೇಬರ ಭಾವಮೈದುನನದು. ಸಮಿತಿ ಮೂರು ಸಲ ಸೇರಿ, ಮೂರು ಸಲವೂ ಟೀ ಕುಡಿದು, ಯಂತ್ರಗಳು ಹವಾಮಾನದ ಕಾರಣದಿಂದ ಸವೆದಿವೆ ಎಂಬ ತೀರ್ಮಾನಕ್ಕೆ ಬಂತು. ಹದಿನೆಂಟು ಟನ್ ಕಬ್ಬಿಣ ಗಾಳಿಗೆ ಸವೆಯುವುದು ಅಪರೂಪ. ಆದರೆ ಅದು ಯಾವ ನಿಯಮಕ್ಕೂ ವಿರುದ್ಧವಲ್ಲ.

ಇದನ್ನೆಲ್ಲ ಬರೆಯುತ್ತಿರುವ ನಾನು ಸದರಿ ಶಾಖೆಯ ಗುಮಾಸ್ತ. ನಿಯಮಗಳ ಪುಸ್ತಕ ನನಗೆ ಬಾಯಿಪಾಠ. ನನ್ನ ಕುರ್ಚಿಗೆ ಕೈ ಇಲ್ಲ. ಸಾಹೇಬರ ಕುರ್ಚಿಗೆ ಎರಡು ಕೈ ಇವೆ. ಹೆಡ್‌ಗುಮಾಸ್ತರ ಕುರ್ಚಿಗೆ ಒಂದು ಕೈ ಇದೆ, ಇನ್ನೊಂದು ಮುರಿದಿದೆ. ನಾನು ಎಷ್ಟು ದಿನದಿಂದ ಆ ಒಂದು ಕೈಯ ಮೇಲೆ ಕಣ್ಣಿಟ್ಟಿದ್ದೇನೆಂದು ಇಲ್ಲಿ ಹೇಳುವುದು ಅಪ್ರಸ್ತುತ.

ಆ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರೊಬ್ಬರು ನಮ್ಮ ಕಚೇರಿಯ ಹಿಂದಿನ ಬೀದಿಯಲ್ಲಿದ್ದಾರೆ. ಊರಿಗೆಲ್ಲ ಅವರು ಫಿಟ್ಟರೇ. ಹೆಂಡತಿಯೂ ಬೇರೆಯವರ ಮುಂದೆ "ನಮ್ಮ ಫಿಟ್ಟರು" ಅನ್ನುತ್ತಾರೆ. ಮೇಲೆ ವಾಸದ ಮನೆ, ಕೆಳಗೆ ಅವರ ವರ್ಕ್‌ಶಾಪು. ನಿವೃತ್ತಿಯಾದ ಮೇಲೆ ಅವರು ಗುಜರಿ ಅಂಗಡಿಗೆ ಹೋಗಿ, ತಾವೇ ಬಿಚ್ಚಿ ಜೋಡಿಸಿ ಎಣ್ಣೆ ಹಾಕಿ ಸಾಕಿದ್ದ ಯಂತ್ರಗಳ ತುಂಡುಗಳನ್ನು ಗುರುತು ಹಿಡಿದು, ತೂಕದ ಲೆಕ್ಕದಲ್ಲಿ ತಂದುಕೊಳ್ಳುತ್ತಿದ್ದರು. ರಟ್ಟು ಒತ್ತುವ ರೋಲರಿನ ಶಾಫ್ಟಿನಿಂದ ಲೋಹ ಕಡೆಯುವ ಒಂದು ಪುಟ್ಟ ಲೇತು ಆಯಿತು. ಕತ್ತರಿ ಯಂತ್ರದ ಅಲಗಿನಿಂದ ಬೀದಿಗೆಲ್ಲ ಈಳಿಗೆಮಣೆ ಆಯಿತು. ಪಕ್ಕದ ಮನೆಯ ಮಗುವಿನ ತೊಟ್ಟಿಲಿಗೆ ದೊಡ್ಡ ಬೇರಿಂಗ್ ಹಾಕಿಕೊಟ್ಟಿದ್ದರು. ಒಂದು ಸಲ ತಳ್ಳಿದರೆ ಸಾಕು, ತಾಯಿ ಸ್ನಾನ ಮಾಡಿ ಬಟ್ಟೆ ಒಗೆದು ಬರುವತನಕ ತೂಗುತ್ತಿತ್ತಂತೆ.

ಅವರ ಹೆಂಡತಿಗೆ ಎರಡು ವರ್ಷದಿಂದ ಮಂಡಿ ಮಡಚಲು ಬರುವುದಿಲ್ಲ. ಮನೆಯ ಮೆಟ್ಟಿಲು ಹತ್ತೊಂಬತ್ತು. ಎದುರು ಮನೆ ಆಕೆಯ ಅಕ್ಕನದು. ಅಕ್ಕನಿಗೆ ಎದೆನೋವು, ಹತ್ತಲಾಗದು. ತಂಗಿಗೆ ಮಂಡಿನೋವು, ಇಳಿಯಲಾಗದು. ಹೀಗಾಗಿ ಎರಡು ವರ್ಷ ತಂಗಿ ಮೇಲಿನ ಬಾಲ್ಕನಿಯಲ್ಲಿ ನಿಂತು, ಅಕ್ಕ ಕೆಳಗಿನ ಜಗಲಿಯಲ್ಲಿ ಕೂತು, ನಡುವೆ ಓಡಾಡುವ ಲಾರಿಗಳ ಮೇಲಿಂದ ಕೂಗಿ ಮಾತಾಡಿಕೊಂಡಿದ್ದರು. ಆ ಮನೆತನದ ಅಷ್ಟೂ ಸುದ್ದಿ ಬೀದಿಗೆ ಗೊತ್ತು. ಸೊಸೆಯರ ಬಗ್ಗೆ ಏನಾದರೂ ಹೇಳುವುದಿದ್ದರೆ ಮಾತ್ರ ಇಬ್ಬರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಎರಡು ವರ್ಷ ಅಂಥ ಮಾತು ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದು ಮಂಡಿನೋವಿಗಿಂತ ಕಷ್ಟ ಅಂತ ಆಕೆಯೇ ಒಮ್ಮೆ ನನ್ನ ಹತ್ತಿರ ಹೇಳಿದ್ದಾರೆ. "ಅಕ್ಕನ ಪಕ್ಕ ಕೂತು ಕಿವೀಲಿ ಮಾತಾಡ್ಬೇಕಪ್ಪಾ. ಅಷ್ಟೇ. ಬೇರೇನೂ ಬೇಡ ನನಗೆ."

ಫಿಟ್ಟರು ಆ ಆಸೆಯನ್ನು ಕೆಲಸದ ಚೀಟಿಯ ಹಾಗೆ ತೆಗೆದುಕೊಂಡರು. ಗುಜರಿಯಲ್ಲಿ ನಾಲ್ಕನೇ ನಂಬರಿನ ರಟ್ಟು ಸುತ್ತುವ ಯಂತ್ರದ ಗೇರ್‌ಬಾಕ್ಸ್ ಬಿದ್ದಿತ್ತು. ಅದರ ಗುಣವೇನೆಂದರೆ, ಕರೆಂಟು ಹೋದರೆ ಎಷ್ಟೇ ಭಾರವಿದ್ದರೂ ಇದ್ದಲ್ಲೇ ಗಪ್ಪೆಂದು ನಿಲ್ಲುತ್ತದೆ, ಹಿಂದಕ್ಕೆ ಜಾರುವುದಿಲ್ಲ. "ಹೆಂಡ್ತೀನ ಕೂರಿಸೋಕೆ ಇದೊಂದನ್ನೇ ನಾನು ನಂಬೋದು," ಅಂದರಂತೆ. ರಟ್ಟು ಸಾಗಿಸುವ ಚೈನು, ಶೆಡ್ಡಿನ ಹಳಿ, ಲೋಡು ಎತ್ತುವ ಗಾಡಿಯ ಡ್ರೈವರ್ ಸೀಟು ಸೇರಿ, ಮೆಟ್ಟಿಲ ಗೋಡೆಗುಂಟ ಮೇಲಕ್ಕೂ ಕೆಳಕ್ಕೂ ಹೋಗುವ ಕುರ್ಚಿಯೊಂದು ಐದು ತಿಂಗಳಲ್ಲಿ ತಯಾರಾಯಿತು. ಆ ಕುರ್ಚಿಗೆ ಎರಡೂ ಕಡೆ ಕೈ ಇತ್ತು.

ಇಲ್ಲಿ ಫಿಟ್ಟರು ಒಂದು ತಪ್ಪು ಮಾಡಿದರು. ಕದ್ದ ಮಾಲು ಇಟ್ಟುಕೊಂಡವನು, ಅಥವಾ ಸುಮ್ಮನೆ ಬುದ್ಧಿ ಇದ್ದವನು, ಮೊದಲು ಮಾಡುವ ಕೆಲಸ ನಂಬರಿನ ತಗಡನ್ನು ಕಿತ್ತು ಬಿಸಾಡುವುದು. ಆದರೆ ಮೂವತ್ತೆಂಟು ವರ್ಷದಲ್ಲಿ ಇವರು ಯಂತ್ರದ ಮೈಮೇಲಿನ ನಂಬರು ಕಿತ್ತವರಲ್ಲ. ಹಿತ್ತಾಳೆ ತಗಡನ್ನು ಬೂದಿ ಹಾಕಿ ಉಜ್ಜಿ, ಫಳಫಳ ಹೊಳೆಯಿಸಿ, ಹೊಸ ಸ್ಕ್ರೂ ಹಾಕಿ ಗೇರ್‌ಬಾಕ್ಸಿನ ಎದೆಯ ಮೇಲೆ ಕೂರಿಸಿದರು. ಅದರ ಕೊರಳಿಗೆ ಒಂದು ಕಾರ್ಡನ್ನೂ ಕಟ್ಟಿದರು. "ಯಂತ್ರ ನಂ. 4. ಎಣ್ಣೆ ಹಾಕಿದ ದಿನ. ಹಾಕಿದವರ ಸಹಿ." ಸಹಿ ಅವರದೇ.

ಅದೇ ವಾರ ನಮ್ಮ ಶಾಖೆಗೆ ಕೇಂದ್ರ ಕಚೇರಿಯಿಂದ ಪತ್ರ ಬಂತು. ತಿಂಗಳ ಕೊನೆಯೊಳಗೆ ಶಾಖೆಯ ವ್ಯಾಪ್ತಿಯಲ್ಲಿ ಒಂದಾದರೂ ಯಂತ್ರ ಅಸ್ತಿತ್ವದಲ್ಲಿರುವುದನ್ನು ತೋರಿಸತಕ್ಕದ್ದು, ತಪ್ಪಿದಲ್ಲಿ ಶಾಖೆಯನ್ನು ಮುಚ್ಚತಕ್ಕದ್ದು. ಹನ್ನೊಂದು ಜನರ ಮುಖವೂ ಕಪ್ಪಿಟ್ಟಿತು. ಸಾಹೇಬರು ಭಾವಮೈದುನನಿಗೆ ಫೋನು ಮಾಡಿ, "ಒಂದಾದ್ರೂ ಉಳಿಸ್ಕೊಂಡಿದೀಯೇನೋ?" ಅಂತ ಕೇಳಿದರು. ಅವನು, "ನೀವೇ ಅಲ್ವಾ ಭಾವ, ಬೇಗ ಖಾಲಿ ಮಾಡು ಅಂದಿದ್ದು?" ಅಂದ. ಫೋನು ಜೋರಾಗಿ ಕೇಳಿಸುವ ಹಳೇ ಮಾದರಿಯದು. ನಾವು ಹತ್ತೂ ಜನ ಕಿಟಕಿಯಾಚೆ ನೋಡಿದೆವು.

ಮಾರನೇ ದಿನ ಕಚೇರಿಯ ಫ್ಯಾನೊಂದು ಕಿರುಗುಟ್ಟಿತೆಂದು ಅದನ್ನು ಹೊತ್ತು ನಾನು ಫಿಟ್ಟರ ಮನೆಗೆ ಹೋದೆ. ಅವರು ಫ್ಯಾನು ಬಿಚ್ಚುತ್ತಿದ್ದಾಗ ನನ್ನ ಕಣ್ಣು ಮೆಟ್ಟಿಲ ಕಡೆ ಹೋಯಿತು. ಹಿತ್ತಾಳೆ ತಗಡು ನನ್ನನ್ನೇ ನೋಡುತ್ತಿತ್ತು. ನಾನು ನಂಬರು ಓದಿದೆ, ಕಾರ್ಡು ಓದಿದೆ. ರಿಜಿಸ್ಟರಿನ ನಲವತ್ತೊಂದನೇ ಪುಟ ಕಣ್ಣ ಮುಂದೆ ಬಂತು. ಅವರು ನನಗೆ ಟೀ ಕೊಟ್ಟರು, ಫ್ಯಾನು ಪುಕ್ಕಟೆ ಸರಿಮಾಡಿಕೊಟ್ಟರು. ನಾನು ಸೀದಾ ಕಚೇರಿಗೆ ಹೋಗಿ ವರದಿ ಬರೆದೆ. ನನಗೆ ನಾಚಿಕೆಯಾಗಲಿಲ್ಲವೇ ಅಂತ ಆಮೇಲೆ ನನ್ನ ಹೆಂಡತಿ ಕೇಳಿದಳು. ಆಯಿತು. ಆದರೆ ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಸಾಹೇಬರು ಟೇಪು, ಸೀಲು, ನನ್ನನ್ನು ತೆಗೆದುಕೊಂಡು ಬಂದರು. ಫಿಟ್ಟರು ಹೆಂಡತಿಯನ್ನು ಮೊದಲ ಸಲ ಕುರ್ಚಿಯಲ್ಲಿ ಕೂರಿಸಿ, ಬೆಲ್ಟು ಬಿಗಿದು, ಇನ್ನೇನು ಗುಂಡಿ ಒತ್ತಬೇಕು ಅನ್ನುವಷ್ಟರಲ್ಲಿದ್ದರು. ಎದುರು ಜಗಲಿಯಲ್ಲಿ ಅಕ್ಕ ಚಾಪೆ ಹಾಸಿ, ದಿಂಬು ಒರಗಿಸಿ, ರಸ್ತೆಯತ್ತಲೇ ಕಣ್ಣು ನೆಟ್ಟು ಕೂತಿದ್ದರು.

"ನಿಲ್ಸಿ," ಅಂದರು ಸಾಹೇಬರು. "ಇದು ನಾಲ್ಕನೇ ನಂಬರಿನ ಯಂತ್ರ."

"ಯಂತ್ರ ಅಲ್ಲ ಸಾಹೇಬ್ರೇ, ಅದರ ಗೇರ್‌ಬಾಕ್ಸು," ಅಂದರು ಫಿಟ್ಟರು. "ಗುಜರೀಲಿ ತಗೊಂಡಿದ್ದು. ಚೀಟಿ ಇದೆ."

ಗುಜರಿಯ ಚೀಟಿ ನೋಡಲು ಸಾಹೇಬರು ಯಾಕೋ ಆಸಕ್ತಿ ತೋರಿಸಲಿಲ್ಲ. ನನ್ನ ಕಡೆ ತಿರುಗಿ, "ನಿಯಮ ಹೇಳಯ್ಯಾ," ಅಂದರು. ನಾನು ಹೇಳಿದೆ. ನಿಯಮ ಹದಿನಾಲ್ಕು, ಉಪನಿಯಮ ಆರು. ಮುಖ್ಯ ಅಂಗ ಎಲ್ಲಿದೆಯೋ ಯಂತ್ರವು ಅಲ್ಲಿದೆಯೆಂದು ಭಾವಿಸತಕ್ಕದ್ದು. ಯಂತ್ರವು ಎಲ್ಲಿ ಚಾಲನೆಯಲ್ಲಿದೆಯೋ ಕಾರ್ಖಾನೆಯು ಅಲ್ಲಿದೆಯೆಂದು ಭಾವಿಸತಕ್ಕದ್ದು.

"ಅಂದ್ರೆ ಏನಪ್ಪಾ?" ಅಂತ ಕುರ್ಚಿಯಿಂದಲೇ ಕೇಳಿದರು ಹೆಂಡತಿ.

"ಅಂದ್ರೆ ಇದು ಕಾರ್ಖಾನೆ ಅಮ್ಮಾ."

"ಇದು ನಮ್ಮ ಮನೆ ಕಣಪ್ಪಾ. ಅಲ್ಲಿ ನೋಡು, ನನ್ನ ಒಗೆದ ಬಟ್ಟೆ."

"ಎರಡು ದಾರಿ ಇದೆ," ಅಂದರು ಸಾಹೇಬರು. "ಒಂದು, ಗೇರ್‌ಬಾಕ್ಸ್ ಬಿಚ್ಚಿ ಖಾಲಿ ಶೆಡ್ಡಿಗೆ ಸಾಗಿಸೋದು. ಇನ್ನೊಂದು, ಕಾರ್ಖಾನೆ ಇಲ್ಲೇ ಮತ್ತೆ ಶುರುವಾಯ್ತು ಅಂತ ಒಪ್ಪಿಕೊಳ್ಳೋದು. ಬಲವಂತ ಏನಿಲ್ಲ."

ಹೆಂಡತಿ ಎದುರು ಜಗಲಿಯನ್ನು ನೋಡಿದರು, ಅಲ್ಲಿ ಹಾಸಿದ್ದ ಚಾಪೆಯನ್ನು ನೋಡಿದರು. "ಒಪ್ಕೊಳ್ರೀ. ಏನಾದ್ರೂ ಅಂದ್ಕೊಳ್ಲಿ. ನನ್ನನ್ನ ಕೆಳಗಿಳಿಸಿದ್ರೆ ಸಾಕು."

ಫಿಟ್ಟರ ಮುಖ ನೋಡಬೇಕಿತ್ತು. ಅವರಿಗೆ ಬೇಜಾರಾಗಿರಲಿಲ್ಲ. ಕಾರ್ಖಾನೆ ಶುರುವಾಯ್ತು ಅನ್ನುವ ಮಾತು ಕೇಳಿ ಅವರ ಬೆನ್ನು ತಾನಾಗಿಯೇ ನೆಟ್ಟಗಾಗಿತ್ತು. "ಯೂನಿಫಾರ್ಮ್ ಹಾಕ್ಕೊಂಡು ಬರ್ಲಾ ಸಾಹೇಬ್ರೇ?" ಅಂದರು.

ಸಾಹೇಬರು ಫಾರಂ ತುಂಬಿಸಿದರು. "ಯಂತ್ರ ಏನನ್ನ ಹೊರಗೆ ತರುತ್ತೆ?"

"ನನ್ನ ಹೆಂಡ್ತೀನ."

"ಬರ್ಕೊಳಯ್ಯಾ. ಉತ್ಪನ್ನ, ಹೆಂಡತಿ. ದಿನಕ್ಕೆ ಎಷ್ಟು?"

"ಒಂದೇ ಸಾಹೇಬ್ರೇ."

"ಹೆಚ್ಚಿಸೋ ಸಾಧ್ಯತೆ ಇದೆಯಾ?"

"ಹೆಚ್ಚಿಸಿ ನೋಡ್ರೀ," ಅಂದರು ಹೆಂಡತಿ. ಫಿಟ್ಟರು ಇಲ್ಲವೆಂದು ತಲೆಯಾಡಿಸಿದರು. ನಾನು "ಸದ್ಯಕ್ಕೆ ಇಲ್ಲ" ಅಂತ ಬರೆದುಕೊಂಡೆ.

ಮೂರು ದಿನದಲ್ಲಿ ಬಾಗಿಲ ಮೇಲೆ ಪ್ರಕಟಣೆ ಬಂತು. "ಸಾರ್ವಜನಿಕರ ಗಮನಕ್ಕೆ. ರಟ್ಟಿನ ಕಾರ್ಖಾನೆಯು ಈ ವಿಳಾಸದಲ್ಲಿ ಪುನರಾರಂಭಗೊಂಡಿದೆ. ಅನುಮತಿಯಿಲ್ಲದೆ ಒಳಗೆ ಬರಕೂಡದು. ಉತ್ಪನ್ನವನ್ನು ಮುಟ್ಟಕೂಡದು, ಮಾತಾಡಿಸಕೂಡದು." ಕೇಂದ್ರ ಕಚೇರಿಯವರು ಅಭಿನಂದನೆ ಕಳಿಸಿದರು, ಜೊತೆಗೆ ಸಾಹೇಬರಿಗೆ ಒಂದು ಜೀಪನ್ನೂ ಕಳಿಸಿದರು. ಶಾಖೆಯ ಹನ್ನೊಂದೂ ಜನ ಫಿಟ್ಟರ ಮನೆಗೆ ವರ್ಗವಾದೆವು. ನಡುಮನೆ ವ್ಯವಸ್ಥಾಪಕರ ಕೊಠಡಿ ಆಯಿತು. ಮಲಗುವ ಕೋಣೆಗೆ ಏಳು ಬೀರುಗಳು ಬಂದವು, ಮಂಚ ವರಾಂಡಕ್ಕೆ ಹೋಯಿತು. ಅಡುಗೆಮನೆಯನ್ನು ಮೊದಲಿದ್ದಂತೆಯೇ ಬಿಟ್ಟೆವು, ಯಾಕೆಂದರೆ ಹನ್ನೊಂದು ಜನಕ್ಕೆ ಟೀ ಬೇಕಿತ್ತು. ನನಗೆ ಸರಕು ರವಾನೆಯ ಜವಾಬ್ದಾರಿ ಸಿಕ್ಕಿತು. ಹೆಡ್‌ಗುಮಾಸ್ತರ ಹಳೇ ಕುರ್ಚಿಯೂ ಸಿಕ್ಕಿತು.

ಫಿಟ್ಟರು ಬೆಳಿಗ್ಗೆ ಎಂಟಕ್ಕೆ ವರಾಂಡದ ಮಂಚದಿಂದ ಎದ್ದು, ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು, ಮೆಟ್ಟಿಲ ತುದಿಯಲ್ಲಿದ್ದ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಯಂತ್ರದ ಪಕ್ಕ ನಿಲ್ಲುತ್ತಿದ್ದರು. ಉತ್ಪನ್ನ ತಲೆ ಬಾಚಿಕೊಂಡು ತಯಾರಾಗಲು ಹನ್ನೊಂದು ಗಂಟೆಯಾಗುತ್ತಿತ್ತು. ಅಷ್ಟು ಹೊತ್ತೂ ಅವರು ಕೂರುತ್ತಿರಲಿಲ್ಲ. "ಕೆಲಸದ ಹೊತ್ತಲ್ಲಿ ಕೂರೋದು ರೂಲ್ಸಲ್ಲಿಲ್ಲ," ಅನ್ನುತ್ತಿದ್ದರು. ಅವರೆದುರು ಕೂತೇ ಇರುತ್ತಿದ್ದ ನಮ್ಮ ಹನ್ನೊಂದು ಜನಕ್ಕೂ ಇದೊಂಥರಾ ಮುಜುಗರ.

ಮೊದಲ ರವಾನೆಯ ದಿನ ಗೇಟ್‌ಪಾಸು ಮೂರು ಪ್ರತಿ ಮಾಡಿದೆ. ಹೆಸರು, ತೂಕ, ಬಣ್ಣ, ಒಡೆಯುವಂಥ ವಸ್ತುವೇ ಹೇಗೆ ಎಂಬ ಕಾಲಂಗಳನ್ನು ತುಂಬಿದೆ. ತೂಕ ಕೇಳಿದಾಗ ಆಕೆ ಹೇಳಿದ್ದಕ್ಕೂ ಗುಜರಿಯ ತಕ್ಕಡಿ ಹೇಳಿದ್ದಕ್ಕೂ ಹನ್ನೊಂದು ಕಿಲೋ ವ್ಯತ್ಯಾಸ ಬಂತು. ಆಕೆಯ ಮುಖ ನೋಡಿ ಆಕೆ ಹೇಳಿದ್ದನ್ನೇ ಬರೆದೆ. ಗಂಟೆ ಬಾರಿಸಿದೆವು. ಫಿಟ್ಟರು ಗುಂಡಿ ಒತ್ತಿದರು. ಕುರ್ಚಿ ಒಂದು ಚೂರೂ ಅಲುಗಾಡದೆ ಹತ್ತೊಂಬತ್ತು ಮೆಟ್ಟಿಲನ್ನು ಇಳಿಯಿತು. ಎರಡು ವರ್ಷದ ಮೇಲೆ ಆಕೆಯ ಪಾದ ರಸ್ತೆಯ ಮಣ್ಣಿಗೆ ತಾಗಿತು. ನಾನು ತೋಳು ಹಿಡಿದು ರಸ್ತೆ ದಾಟಿಸಿ ಅಕ್ಕನಿಂದ ರಸೀದಿ ಪಡೆದೆ.

"ಸರಕು ಮುಟ್ಟಿತು ಅಂತ ಸಹಿ ಮಾಡಿ ಅಮ್ಮಾ."

ಅಕ್ಕ ಸಹಿ ಹಾಕಲಿಲ್ಲ. ಸರಕನ್ನು ತಬ್ಬಿಕೊಂಡು ಅಳುತ್ತಿದ್ದರು. ಕಾದೆ. ಆಮೇಲೆ ಕಾಗದದ ಮೇಲೆ ಬಿದ್ದ ಕಣ್ಣೀರನ್ನು ಒರೆಸಿ ಸಹಿ ಹಾಕಿಸಿಕೊಂಡೆ. "ಇನ್ನು ನೀನು ಆ ಕಂಬದ ಹತ್ರ ಹೋಗಿ ನಿಂತ್ಕೋಪ್ಪಾ, ನಾವು ಮಾತಾಡ್ಬೇಕು," ಅಂದರು. ನಾನು ಕಂಬದ ಹತ್ತಿರ ಹೋದೆ. ಎರಡು ತಲೆಗಳೂ ಒಂದಾದವು. ಸಂಜೆ ಐದರವರೆಗೆ ಎತ್ತಲಿಲ್ಲ.

ಐದಕ್ಕೆ ಫಿಟ್ಟರು ಹೆಂಡತಿಯನ್ನು ಕರೆದೊಯ್ಯಲು ಬಂದರು. ಆಗ ಸಮಸ್ಯೆ ಎದುರಾಯಿತು. ನಿಯಮ ಇಪ್ಪತ್ತೆರಡರ ಪ್ರಕಾರ, ಕಾರ್ಖಾನೆಯಿಂದ ರವಾನೆಯಾದ ಸರಕನ್ನು ದೋಷವಿದ್ದ ಹೊರತು ವಾಪಸು ಪಡೆಯಕೂಡದು. ನಾನಿದನ್ನು ಹೇಳಿದಾಗ ಫಿಟ್ಟರು ಹೆಂಡತಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅಕ್ಕ ಮಾತ್ರ, "ದೋಷ ತಾನೇ? ಕೊಡಿಲ್ಲಿ ಪೆನ್ನು," ಅಂದರು.

ಅರವತ್ತು ವರ್ಷದಿಂದ ಕೂಡಿಟ್ಟುಕೊಂಡದ್ದು ಅವರ ಹತ್ತಿರವಿತ್ತು. ಮೊದಲ ದಿನ ಬರೆದರು, "ಮಾತು ಜಾಸ್ತಿ." ನಾನು ದೋಷಪತ್ರ ಲಗತ್ತಿಸಿ ಸರಕನ್ನು ವಾಪಸು ಮೇಲೆ ಏರಿಸಿದೆ.

ಆದರೆ ದೋಷವಿರುವ ಸರಕು ಕಾರ್ಖಾನೆಗೆ ಬಂದಮೇಲೆ ಅದನ್ನು ದುರಸ್ತಿ ಮಾಡಲೇಬೇಕು. ದುರಸ್ತಿಯಾದ ದೋಷ ಮತ್ತೊಮ್ಮೆ ಕಾಣಿಸಿಕೊಂಡರೆ ಫಿಟ್ಟರನ್ನು ಅಮಾನತಿನಲ್ಲಿಟ್ಟು ಯಂತ್ರಕ್ಕೆ ಸೀಲು ಹಾಕತಕ್ಕದ್ದು. ಸುಮ್ಮನೆ 'ದುರಸ್ತಿಪಡಿಸಲಾಗಿದೆ' ಎಂದು ಗೀಚಿ ಕೈತೊಳೆದುಕೊಳ್ಳಬಹುದಿತ್ತು. ನಮ್ಮ ಶಾಖೆಯಲ್ಲಿ ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು. ಫಿಟ್ಟರು ಮಾಡದ ಕೆಲಸಕ್ಕೆ ಸಹಿ ಹಾಕುವವರಲ್ಲ. ಹೆಂಡತಿಯನ್ನು ಎದುರು ಕೂರಿಸಿಕೊಂಡು, ಗಡಿಯಾರ ಹಿಡಿದು, ಕಾಲು ಗಂಟೆ ಮೌನವಾಗಿರಿಸಿ, ಪರೀಕ್ಷೆ ಮಾಡಿ ಸಹಿ ಹಾಕಿದರು. ಆಕೆಯೂ ಪಾಪ, ನಾಳೆ ಮತ್ತೆ ಇಳಿಯಬೇಕಲ್ಲ ಎಂದು ತುಟಿ ಕಚ್ಚಿ ಕೂತಿದ್ದರು.

ಹೀಗೆ ದಿನಕ್ಕೊಂದು. "ಒಂದೇ ವಿಷಯವನ್ನು ಎರಡು ಸಲ ಹೇಳುತ್ತದೆ." "ಹಾಡುವಾಗ ಶ್ರುತಿ ತಪ್ಪುತ್ತದೆ." "ನನ್ನ ಸೀರೆ ಉಟ್ಟು ಹೋದದ್ದನ್ನು ಇನ್ನೂ ತಂದುಕೊಟ್ಟಿಲ್ಲ." ಸೀರೆ ಮಾರನೇ ದಿನ ಸರಕಿನ ಜೊತೆಗೇ ರವಾನೆಯಾಯಿತು. "ಏಳು ವರ್ಷದವಳಿದ್ದಾಗ ನನ್ನ ಗೊಂಬೆಯ ಕೈ ಮುರಿದಿದೆ," ಅಂತ ಒಂದು ದಿನ ಬಂತು. ಫಿಟ್ಟರು ತಮ್ಮ ಪುಟ್ಟ ಲೇತಿನಲ್ಲಿ ಹಿತ್ತಾಳೆ ಸರಳೊಂದನ್ನು ಕಡೆದು, ಬೆರಳು ಸಮೇತ ಗೊಂಬೆಯ ಕೈ ಮಾಡಿಕೊಟ್ಟರು. ಗೊಂಬೆ ಎಲ್ಲಿದೆಯೋ ಅಕ್ಕನಿಗೇ ಗೊತ್ತಿಲ್ಲ. ಕೈ ಮಾತ್ರ ಜಗಲಿಯ ಗೂಡಿನಲ್ಲಿದೆ.

ನಲವತ್ತನೆಯದೋ ಏನೋ, "ಗಂಡನನ್ನು ಅತಿಯಾಗಿ ಹೊಗಳುತ್ತದೆ," ಎಂದಿತ್ತು. ಫಿಟ್ಟರು ಅದನ್ನು ಎರಡು ಸಲ ಓದಿದರು. ಮೂವತ್ತೆಂಟು ವರ್ಷ ಯಂತ್ರದ ಸದ್ದಿನಲ್ಲಿದ್ದವರು, ಮನೆಗೆ ಬಂದರೆ ಬೈಗುಳ ಮಾತ್ರ ಕೇಳಿಸಿಕೊಂಡವರು. "ಈ ದೋಷ ಇತ್ತು ಅಂತ್ಲೇ ನಂಗೆ ಗೊತ್ತಿರ್ಲಿಲ್ಲ," ಅಂದರು. ಕಿವಿ ಕೆಂಪಾಗಿತ್ತು. ಹೆಂಡತಿ ಗೋಡೆ ಕಡೆ ಮುಖ ತಿರುಗಿಸಿ, "ಸಹಿ ಹಾಕ್ರೀ, ಸರಿಯಾಗಿದೆ," ಅಂದರು. ಅಷ್ಟೂ ದುರಸ್ತಿಗಳಲ್ಲಿ ಅವರು ಅತ್ಯಂತ ನಿಧಾನವಾಗಿ ಸಹಿ ಹಾಕಿದ್ದು ಅದಕ್ಕೇ.

ನೂರ ನಲವತ್ತಮೂರನೆಯ ದಿನ ಅಕ್ಕ ಪೆನ್ನು ಹಿಡಿದು ಕೂತರು. ಐದಾಯಿತು, ಐದೂವರೆಯಾಯಿತು. ದೋಷಪತ್ರ ಖಾಲಿ.

"ಬೇಗ ಬರಿ ಅಕ್ಕಾ, ಅವರು ನಿಂತಿದಾರೆ."

"ಏನೇ ಬರೀಲಿ? ಅರವತ್ತು ವರ್ಷ ಜಗಳ ಆಡಿದ್ದೆಲ್ಲಾ ಬರೆದಾಯ್ತು. ಎಲ್ಲಾ ರಿಪೇರಿನೂ ಆಯ್ತು. ಈಗ ನೋಡಿದ್ರೆ ನೀನು ಬಂಗಾರದಂಥವಳು ಕಣೇ."

"ಅಯ್ಯೋ ದೇವರೇ! ಬೇಕಾದಾಗ ಒಂದಿನಾನೂ ಹೊಗಳ್ಲಿಲ್ಲ, ಈಗ ಹೊಗಳ್ತೀಯಾ? ಏನಾದ್ರೂ ಸುಳ್ಳು ಬರಿಯೇ!"

ಸುಳ್ಳು ಬರೆದರೆ ಪರಿಶೀಲಿಸುವುದು ನನ್ನ ಕರ್ತವ್ಯ ಅಂತ ನಾನು ಕಂಬದ ಹತ್ತಿರದಿಂದಲೇ ನೆನಪಿಸಿದೆ. ಅಕ್ಕ ಪೆನ್ನನ್ನು ಕೆಳಗಿಟ್ಟರು. ನಮ್ಮ ಕಡತಗಳ ಪ್ರಕಾರ ಈ ಊರಿನಲ್ಲಿ ದೋಷವೇ ಇಲ್ಲದ ಮನುಷ್ಯರೆಂದರೆ ಆಕೆಯೊಬ್ಬರೇ. ದೋಷವಿಲ್ಲದ ಸರಕನ್ನು ವಾಪಸು ಪಡೆಯುವಂತಿಲ್ಲ. ಆಕೆ ಅಕ್ಕನ ಮನೆಯಲ್ಲೇ ಉಳಿದರು.

ಹಾಗಿದ್ದರೆ ಫಿಟ್ಟರೇ ಎದುರು ಮನೆಗೆ ಹೋಗಬಹುದಿತ್ತಲ್ಲ ಎಂದು ತಿಳಿಯದವರು ಕೇಳುತ್ತಾರೆ. ಕಾರ್ಖಾನೆಯೆಂದ ಮೇಲೆ ಕಾವಲುಗಾರ ಬೇಕು. ಕಾವಲುಗಾರನ ಹುದ್ದೆ ಖಾಲಿಯಿತ್ತು. ಹಗಲು ಯಂತ್ರ ನಡೆಸುವ ಫಿಟ್ಟರಿಗೇ ಕಾವಲಿನ ಹೆಚ್ಚುವರಿ ಪ್ರಭಾರ ವಹಿಸಲಾಗಿತ್ತು. ವಾಪಸಾದ ಸರಕು ತರುವುದಕ್ಕಲ್ಲದೆ ಕಾವಲುಗಾರನು ಆವರಣ ಬಿಟ್ಟು ಹೋಗಕೂಡದು. ಹೀಗಾಗಿ ಈಗ ಗಂಡ ಮೇಲಿನ ಬಾಲ್ಕನಿಯಲ್ಲಿ, ಹೆಂಡತಿ ಕೆಳಗಿನ ಜಗಲಿಯಲ್ಲಿ.

"ಊಟ ಮಾಡಿದ್ರಾ?"

"ಆಂ?"

"ಊಟಾ!"

"ಹೂಂ, ಮಾಡಿದೆ! ಮಂಡಿ ಹೇಗಿದೆ?"

"ಏನ್ರೀ?"

ಲಾರಿಗಳು ಹೋಗುತ್ತಿದ್ದವು. ಫಿಟ್ಟರು ಊಟ ಮಾಡಿರಲಿಲ್ಲ. ಟೀ ಮಾಡುವವರು ಇಲ್ಲದೆ ನಮಗೂ ತೊಂದರೆಯಾಗಿತ್ತು, ಆದರೆ ಅವರದು ಬೇರೆ. ಒಂದೇ ತಿಂಗಳಿಗೆ ಖಾಕಿ ಅಂಗಿ ಅವರ ಮೈಮೇಲೆ ಜೋತುಬಿತ್ತು. ಖಾಲಿ ಕುರ್ಚಿಯನ್ನು ಹನ್ನೊಂದಕ್ಕೆ ಇಳಿಸಿ, ಐದಕ್ಕೆ ಏರಿಸಿ, ಕಾರ್ಡಿಗೆ ಸಹಿ ಹಾಕುತ್ತಿದ್ದರು. ಒಂದು ದಿನ ಅವರು ಸಾಹೇಬರ ಮುಂದೆ, ಅಂದರೆ ಸ್ವಂತ ನಡುಮನೆಯಲ್ಲಿ, ಕೈಕಟ್ಟಿ ನಿಂತರು.

"ನನ್ನ ಬಿಡುಗಡೆ ಮಾಡಿ ಸಾಹೇಬ್ರೇ. ಅವಳಿಲ್ದೆ ಆಗ್ತಿಲ್ಲ."

"ಹೇಗ್ರೀ ಬಿಡೋದು? ರಾಜೀನಾಮೆ ಕೊಡೋಕೆ ನೀವು ನೌಕರರಲ್ಲ, ನಿವೃತ್ತರು. ನಿವೃತ್ತಿ ಕೊಡೋಣ ಅಂದ್ರೆ ಅದು ಒಂಬತ್ತು ವರ್ಷದ ಹಿಂದೇನೇ ಆಗೋಗಿದೆ."

ನನ್ನಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು? ಆ ದಿನ ಇಡೀ ನಿಯಮಗಳ ಪುಸ್ತಕವನ್ನು ಮೊದಲಿಂದ ತಿರುವಿ ಹಾಕಿದೆ. ಜೀವನದಲ್ಲಿ ಮೊದಲ ಸಲ, ಇನ್ನೊಬ್ಬರಿಗೆ ಒಳ್ಳೆಯದಾಗಲೆಂದು ನಿಯಮ ಹುಡುಕಿದೆ. ಅಭ್ಯಾಸವಿಲ್ಲದ್ದರಿಂದ ತಡವಾಯಿತು. ಆದರೂ ಸಿಕ್ಕಿತು. ನಿಯಮ ಮೂವತ್ತೊಂದು. ಸೇವಾವಧಿ ಮುಗಿದ ನಂತರವೂ ಯಂತ್ರದೊಂದಿಗೆ ಉಳಿದುಕೊಂಡಿರುವ ಯಾವುದೇ ಅಂಗವನ್ನು ಗುಜರಿಯೆಂದು ಪರಿಗಣಿಸಿ, ನಿಗದಿತ ಗುಜರಿ ವ್ಯಾಪಾರಿಗೆ ವಿಲೇವಾರಿ ಮಾಡತಕ್ಕದ್ದು.

ಸಾಹೇಬರು ಕನ್ನಡಕ ತೆಗೆದು ಯೋಚಿಸಿದರು. "ಅಂಗ ಅಂದ್ರೆ ಮನುಷ್ಯನೂ ಬರ್ತಾನಾ?"

"ಬರಕೂಡದು ಅಂತ ಎಲ್ಲೂ ಬರೆದಿಲ್ಲ ಸಾರ್."

ನಿಗದಿತ ವ್ಯಾಪಾರಿ ಭಾವಮೈದುನನೆಂಬುದು ನೆನಪಾಗಿ ಸಾಹೇಬರ ಮುಖ ಅರಳಿತು. "ಮಾನವೀಯತೆ ದೃಷ್ಟಿಯಿಂದ ಒಪ್ಪಿದೀನಿ," ಅಂತ ಬರೆದು ಸಹಿ ಹಾಕಿದರು.

ಗುಜರಿಯವನು ತಕ್ಕಡಿ ತಂದ. ಫಿಟ್ಟರನ್ನು ಹತ್ತಿಸಿ ತೂಗಿದ. ಅವರು ಕೈಯಲ್ಲಿ ಹತಾರಗಳ ಪೆಟ್ಟಿಗೆ ಹಿಡಿದೇ ಹತ್ತಿದ್ದರಿಂದ ಇಳಿಸಿ ಮತ್ತೆ ತೂಗಬೇಕಾಯಿತು. ಪೆಟ್ಟಿಗೆ ಬಿಟ್ಟು ನಲವತ್ತೊಂಬತ್ತು ಕಿಲೋ. ತಗಡು, ಎರಕ, ಹಿತ್ತಾಳೆ ಎಂಬ ಮೂರು ಕಾಲಂಗಳಲ್ಲಿ ಯಾವುದಕ್ಕೆ ಹಾಕುವುದೆಂದು ಚರ್ಚೆಯಾಗಿ, ಕೊನೆಗೆ 'ಇತರೆ' ಎಂದು ಬರೆದೆವು. ಗುಜರಿಯವನು ಅವರ ಭುಜ ಮುಟ್ಟಿ ನೋಡಿ, "ಮಾಲಲ್ಲಿ ಏನೂ ಇಲ್ಲ ಭಾವ, ಸಾಗಿಸೋ ಖರ್ಚೇ ಜಾಸ್ತಿ," ಅಂತ ಗೊಣಗಿದ. ಯಾರಾದರೂ ತಗೊಂಡರೆ ಕೊಟ್ಟುಬಿಡುತ್ತೇನೆಂದು ತನ್ನ ಅಂಗಡಿಯ ಮುಂದೆ, ಒಂದು ಹಳೇ ಬಾಯ್ಲರಿನ ಪಕ್ಕ ಸ್ಟೂಲು ಹಾಕಿ ಕೂರಿಸಿದ. ಅವರು ಕೂತಲ್ಲೇ ಬಾಯ್ಲರಿನ ಸಡಿಲವಾಗಿದ್ದ ಬೋಲ್ಟೊಂದನ್ನು ಬಿಗಿಮಾಡುತ್ತಿದ್ದರು.

ಅಕ್ಕನ ಅರ್ಜಿ ಅದೇ ದಿನ ಬಂತು. ಬೇಕಾದ ವಸ್ತು, ಹಳೇ ಫಿಟ್ಟರ್, ಒಂದು. ಉದ್ದೇಶ, ಮನೆಬಳಕೆ. ಈಗಾಗಲೇ ಇಂಥದೇ ವಸ್ತು ಮನೆಯಲ್ಲಿದೆಯೇ? ಇತ್ತು, ತೀರಿಕೊಂಡರು. ನಾನೇ ಎಲ್ಲ ಕಾಲಂ ತುಂಬಿಸಿ, ನಾನೇ ಮಂಜೂರಾತಿಗೆ ಓಡಾಡಿ, ಸಂಜೆಯೊಳಗೆ ವಿಲೇವಾರಿ ಆದೇಶ ತಂದೆ.

ಗುಜರಿಯ ತಳ್ಳುಗಾಡಿಯಲ್ಲಿ ಫಿಟ್ಟರು ಬೀದಿಗೆ ಬಂದರು. ತೊಡೆಯ ಮೇಲೆ ಪೆಟ್ಟಿಗೆ, ಕೊರಳಲ್ಲಿ ನಾನು ಕಟ್ಟಿದ ಚೀಟಿ. ಬೀದಿಯವರು ಬಾಗಿಲಿಗೆ ಬಂದು ನೋಡಿದರು. ಯಾರೂ ನಗಲಿಲ್ಲ. ಪಕ್ಕದ ಮನೆಯ ತಾಯಿ, "ಪರವಾಗಿಲ್ಲ, ಇವರದ್ದಾದ್ರೂ ಬೇಗ ಮಂಜೂರಾಯ್ತಲ್ಲ. ನಮ್ಮ ಅಪ್ಪನ ಪಿಂಚಣಿಗೆ ನಾಲ್ಕು ವರ್ಷ ಓಡಾಡಿದ್ವಿ," ಅಂದಳು. ಅಕ್ಕನ ಜಗಲಿಯ ಮುಂದೆ ಗಾಡಿ ನಿಂತಿತು. ಹೆಂಡತಿ ಕಂಬ ಹಿಡಿದು, ನೋಯುವ ಮಂಡಿಯಲ್ಲೇ ಎದ್ದು ನಿಂತು, ಗಂಡನನ್ನು ಮೇಲಿಂದ ಕೆಳಗೆ ನೋಡಿದರು. ಸೊರಗಿದ ಕೆನ್ನೆ ನೋಡಿದರು, ಜೋತ ಅಂಗಿ ನೋಡಿದರು. ಕಣ್ಣು ತುಂಬಿಕೊಂಡೇ ಅಕ್ಕನ ಕಡೆ ತಿರುಗಿದರು.

"ಇದು ಯಾವ ಕೆಲಸಕ್ಕೆ ಬರುತ್ತೇ ಅಕ್ಕಾ, ಇಷ್ಟು ಸವೆದಿದೆ?"

"ಇರ್ಲಿ ಬಿಡೇ," ಅಂದರು ಅಕ್ಕ. "ಏನಕ್ಕಾದ್ರೂ ಆಗುತ್ತೆ. ಒಳಗಿಟ್ಕೋ."

ಹೆಂಡತಿ ಕೈ ಚಾಚಿದರು. ಫಿಟ್ಟರು ಗಾಡಿಯಿಂದ ಇಳಿದು, ಪೆಟ್ಟಿಗೆ ಕೆಳಗಿಟ್ಟು, ಆ ಕೈ ಹಿಡಿದುಕೊಂಡರು. ನಾನು ರಸೀದಿ ಮುಂದೆ ಹಿಡಿದೆ. ವಿಲೇವಾರಿಯಾದ ಗುಜರಿಯನ್ನು ವಾಪಸು ಪಡೆಯುವ ಅವಕಾಶ ನಮ್ಮ ನಿಯಮಗಳಲ್ಲಿ ಎಲ್ಲೂ ಇಲ್ಲ ಅಂತ ಹೇಳಿದೆ. ಅವರಿಬ್ಬರೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಅವರ ಮನೆ ಈಗ ಪೂರ್ತಿಯಾಗಿ ನಮ್ಮದು. ಕಾರ್ಖಾನೆ ಚೆನ್ನಾಗಿ ನಡೆಯುತ್ತಿದೆ. ಉತ್ಪಾದನೆ ನಿಲ್ಲಕೂಡದಾದ್ದರಿಂದ ದಿನಾ ಸಂಜೆ ಎರಡು ಕೈಯಿರುವ ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಗಂಟೆ ಬಾರಿಸಿ, ಕೆಳಗಿಳಿಸಿ, ಗೇಟ್‌ಪಾಸಿನೊಂದಿಗೆ ನನ್ನ ಮನೆಗೆ ರವಾನಿಸುತ್ತಾರೆ. ಬೆಳಿಗ್ಗೆ ನಾನು ಕಚೇರಿಗೆ ಮರಳಬೇಕಾದರೆ ಹೆಂಡತಿ ನನ್ನದೊಂದು ದೋಷ ಬರೆದುಕೊಡಬೇಕು. ಫಿಟ್ಟರ ಹೆಂಡತಿಯ ದೋಷಗಳು ನೂರ ನಲವತ್ತೆರಡಕ್ಕೆ ಮುಗಿದವಲ್ಲ, ನನ್ನವೂ ಮುಗಿದುಹೋದರೆ ಶಾಖೆಯ ಗತಿಯೇನೆಂದು ಸಾಹೇಬರಿಗೆ ಆತಂಕವಿತ್ತು. ಮೊದಲ ದಿನವೇ ನನ್ನ ಹೆಂಡತಿ ಎರಡೂ ಬದಿ ತುಂಬಿಸಿದ ಹನ್ನೆರಡು ಹಾಳೆ ಕಳಿಸಿ, ಇನ್ನಷ್ಟು ಹಾಳೆ ಬೇಕೆಂದು ಕೇಳಿದಳು. ಸಾಹೇಬರು ಓದಿ ಸಮಾಧಾನದ ಉಸಿರು ಬಿಟ್ಟು, ಕಾರ್ಖಾನೆಗೆ ಇನ್ನು ಮೂವತ್ತು ವರ್ಷ ಕೆಲಸವಿದೆಯೆಂದು ಕೇಂದ್ರ ಕಚೇರಿಗೆ ಬರೆದರು.